ಟಪ್ ಎಂದ ಜಾಗ

ಎರಡು ರೂಪಾಯಿ ನಾಣ್ಯ ಹಿಡಿದು ತಟ್ಟುತ್ತಾ ಬಂದೆ,
ಮೂತಿಯಿಂದ ಶುರುಮಾಡಿ.
ಟಣ್, ಟಣ್, ಟಣ್.
ಗಟ್ಟಿಯಿದೆ ಅಂದುಕೊಳ್ಳುವಷ್ಟರಲ್ಲಿ
ಮೋಟರು ಕೂರುವ ಹಿಂಗೋಡೆ:
ಟಪ್.
ನೆನೆದ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ.

ಚಲುವಾಜಮ್ಮ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.
ಹರಾಜಿನಲ್ಲಿ ಒಂಬತ್ತು ಸಾವಿರಕ್ಕೆ ಹಿಡಿದ ದೋಣಿ,
ಕೆರೆಯಲ್ಲಿ ಮಕ್ಕಳನ್ನು ಸುತ್ತಾಡಿಸಿ ಸವೆದದ್ದು.
ಟ್ರ್ಯಾಕ್ಟರಿನಲ್ಲಿ ಮೇಟಗಳ್ಳಿಗೆ ತಂದು
ನನ್ನ ಶೆಡ್ಡಿನ ಮುಂದೆ, ಅರ್ಧ ಆದ ನೀರಿನ ಟ್ಯಾಂಕುಗಳ ನಡುವೆ
ಮಗುಚಿ ಹಾಕಿಸಿದ್ದಳು.
"ಹಿನ್ನೀರಲ್ಲಿ ಬಲೆ ಬಿಡೋಕೆ," ಅಂದಿದ್ದಳು,
"ಇಪ್ಪತ್ತು ವರ್ಷ ಹರಿಗೋಲು ಹಾಕಿ ಸೊಂಟ ಹೋಯ್ತು."

ಹಿಂಗೋಡೆಯ ಬುಡದಲ್ಲೊಂದು ತೂತು ಕೊರೆದೆ.
ಮೊದಲು ಏನೂ ಇಲ್ಲ.
ಆಮೇಲೆ ಡಿಕಾಕ್ಷನ್ ಬಣ್ಣದ ನೀರು
ತೊಟ್ಟು ತೊಟ್ಟಾಗಿ,
ಸಂಜೆವರೆಗೂ.
ಪೇಂಟಿನ ಡಬ್ಬ ಇಟ್ಟೆ. ತುಂಬಿತು. ಇನ್ನೊಂದು ಇಟ್ಟೆ.

"ಹೊರಗೆ ಸ್ಟೀಲ್ ಲೋಟದ ಹಾಗೆ ಹೊಳೀತದೆ,
ಒಳಗೆ ಇಷ್ಟು ನೀರು ಮಡಗಿಕೊಂಡಿತ್ತಾ!
ನಮ್ಮ ಹರಿಗೋಲೇ ಮೇಲು ಕಣಪ್ಪ,
ತೂತಾದ ದಿನವೇ ಕುಂಡಿ ಒದ್ದೆ ಮಾಡಿ ಹೇಳ್ತದೆ."

ಗಾಜಿನ ನಾರು ಚುಚ್ಚದಿರಲೆಂದು ಕೈಗೆಲ್ಲ ಪೌಡರು ಬಳಿದು
ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಗ್ರೈಂಡರ್ ಹಿಡಿದೆ.
ಮೇಲಿನ ಚರ್ಮ ಸೀಳಿ ತೆಗೆದರೆ
ಪ್ಲೈವುಡ್ ಅನ್ನುವುದು ಅಲ್ಲಿರಲಿಲ್ಲ;
ಕರಣೆಯಲ್ಲಿ ಗೋರಬಹುದಾದ ಕಪ್ಪು ಹುಡಿ,
ಕಬ್ಬಿನ ಸಿಪ್ಪೆ ಮಳೆಗೆ ಕೊಳೆತ ವಾಸನೆ.

ನೀರು ಎಲ್ಲಿಂದ ಹೊಕ್ಕಿತೆಂದು ಹುಡುಕಿದೆ.
ನಾಲ್ಕು ಸ್ಕ್ರೂ. 'ದೋಣಿ ನಂ. 7' ತಗಡಿನವು.
ಮೂರರ ಸುತ್ತ ಮೇಣ,
ನಾಲ್ಕನೆಯದಕ್ಕೆ ಬರೀ ತುಕ್ಕು.

ಅದರ ಬಲಕ್ಕೆ, ಗೇಣುದ್ದ ಉಳಿದ ಮರದ ಚೂರಿನ ಮೇಲೆ,
ರೆಸಿನ್ನಿನ ಜೇನುಬಣ್ಣದ ಕೆಳಗೆ
ಪೆನ್ಸಿಲ್ಲಿನ ಲೆಕ್ಕ:
18 × 6 = 108.
ಓವರ್‌ಟೈಮು.
ಎರಡು ಸೊನ್ನೆ ಪೇರಿಸಿ ಎಂಟು ಬರೆಯುವವನು
ಆ ಕಾಲಕ್ಕೆ ಈ ಶೆಡ್ಡಿನಲ್ಲಿ ಒಬ್ಬನೇ ಇದ್ದ.

ಹತ್ತೊಂಬತ್ತು ವರ್ಷದ ಹಿಂದೆ, ದಸರೆಗೆ ಮೂರು ದಿನ.
ಕಂಟ್ರಾಕ್ಟರು ಬಾಗಿಲಲ್ಲೇ ಕಾವಲು ನಿಂತಿದ್ದ.
ಮುನೀರ್ ಮೇಸ್ತ್ರಿ ಮುಖದ ಬಟ್ಟೆಯೊಳಗಿಂದ ಕೇಳಿದರು,
"ಒಣಗಿದೆಯೇನೋ ಸಿದ್ದಪ್ಪಾಜಿ?"
ಅಂಗೈ ಇಟ್ಟೆ. ತಣ್ಣಗಿತ್ತು.
ಇನ್ನೊಂದು ಬಿಸಿಲಿಗೆ ಬಿಟ್ಟರೆ ನೂರ ಎಂಟು ಇಲ್ಲ,
ವಸ್ತುಪ್ರದರ್ಶನದ ಜಾಯಿಂಟ್ ವೀಲೂ ಇಲ್ಲ.
"ಒಣಗಿದೆ," ಅಂದೆ.
ಅವರು ನಂಬಿ ಬ್ರಶ್ಶು ಅದ್ದಿದರು.

ಆ ನಾಲ್ಕಕ್ಷರ ಇಷ್ಟು ವರ್ಷ
ಎರಡು ಪದರ ಗಾಜಿನ ನಡುವೆ, ಕತ್ತಲಲ್ಲಿ,
ಮರ ತಿನ್ನುತ್ತ ಕೂತಿದ್ದವು.
ಮೇಲೆ ಅದೆಷ್ಟು ಮಕ್ಕಳು ಕೈ ಇಳಿಬಿಟ್ಟು ನೀರೆರಚಿದ್ದರೋ.
ಮೇಸ್ತ್ರಿಗೆ ಹೇಳೋಣವೆಂದರೆ ಅವರು ಮಣ್ಣಾಗಿ ಆರು ವರ್ಷ.

ಚಲುವಾಜಮ್ಮನಿಗೆ ಹೇಳಿದೆ.
ತಕ್ಕಡಿಯಲ್ಲಿ ಮೀನು ನೋಡುವ ಹಾಗೆ ನನ್ನನ್ನು ನೋಡಿದಳು.
"ಹಂಗಾರೆ ಹೊಸ ಹಲಗೆ ದುಡ್ಡು ನಿಂದು."
"ಕೂಲೀನೂ," ಅಂದೆ.
"ಕೂಲಿ ಈಸ್ಕೊ. ಬಿಟ್ಟಿ ಕೆಲಸ ಯಾವತ್ತೂ ಒಣಗಲ್ಲ."

ಮಾಗಿ ಚಳಿ. ಹನ್ನೊಂದು ದಿನ
ಬಿಸಿಲು ಹೋದ ಕಡೆಗೆ ದೋಣಿಯ ಬೆನ್ನು ತಿರುಗಿಸುತ್ತಾ ಬಂದೆ.
ಹನ್ನೆರಡನೆಯ ದಿನ ಕೆನ್ನೆ ಒತ್ತಿ ನೋಡಿದೆ.
ಹುಡುಗ ರೆಸಿನ್ ಕಲಸಿಕೊಂಡು ನಿಂತಿದ್ದ,
"ಒಣಗಿದೆಯಾ ಅಣ್ಣಾ?"
"ತಡಿ."
ಕಲಸಿದ್ದು ಮಗ್ಗಿನಲ್ಲೇ ಬಿಸಿಯಾಗಿ ಕಲ್ಲಾಯಿತು.
ಬಿಸಾಕಿಸಿದೆ.

ಸಂಕ್ರಾಂತಿ ಕಳೆದ ವಾರ ಸಾಗರಕಟ್ಟೆಯಲ್ಲಿ ನೀರಿಗಿಳಿಸಿದೆವು.
ಸ್ವಲ್ಪ ಬಲಕ್ಕೆ ವಾಲಿತು, ನಿಂತಿತು.
ಬಲೆ ಇಟ್ಟಳು, ಮುದ್ದೆಯ ಡಬ್ಬಿ ಇಟ್ಟಳು,
ಕೊನೆಗೊಂದು ಹಳೇ ತಗಡಿನ ಡಬ್ಬ, ನೀರು ಮೊಗೆಯಲು.
"ನಂಬಿಕೆ ಇಲ್ವಾ?" ಅಂದೆ.
"ಅದೆ ಕಣಪ್ಪ," ಅಂದಳು, ಹುಟ್ಟು ಊರಿ ದಡ ಬಿಡುತ್ತ,
"ಡಬ್ಬಾನೂ ಅದೆ."